ವೈದ್ಯಶಿಕ್ಷಣದಲ್ಲಿ ಅಂತರಸಾಂಸ್ಕೃತಿಕ ಕೌಶಲ

ತನಗಿಂತ ಬೇರೆ ಭಾಷೆ, ನಂಬಿಕೆ, ಆಚಾರ, ಅಂತಸ್ತುಗಳಲ್ಲಿ ಬೆಳೆದ ರೋಗಿಯ ತೊಂದರೆಯನ್ನು ತಪ್ಪಿಲ್ಲದೆ ಕೇಳಿ ತಿಳಿದು, ಆ ರೋಗಿ ಒಪ್ಪಿ ನಡೆಸಿಕೊಂಡು ಹೋಗಬಲ್ಲ ಚಿಕಿತ್ಸೆಯನ್ನು ಅವರೊಡನೆ ಕೂತು ಗೊತ್ತುಮಾಡುವ ಕುಶಲತೆ. ಇದನ್ನು ವೈದ್ಯ ವಿದ್ಯಾರ್ಥಿಗಳಿಗೆ ಪಠ್ಯದ ಭಾಗವಾಗಿ ಕಲಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಮೊದಲಾಯಿತು. ವಲಸೆ ಬಂದವರೂ ಮೂಲನಿವಾಸಿಗಳೂ ಆರೋಗ್ಯದಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದಾರೆ, ಅದರಲ್ಲಿ ಆಸ್ಪತ್ರೆಗಳ ಪಾಲೂ ಇದೆ ಎಂಬ ಅರಿವು ಅದಕ್ಕೆ ಕಾರಣ. ಭಾರತದ ಪಠ್ಯಕ್ರಮಕ್ಕೆ ಈ ವಿಷಯ ಸ್ಪಷ್ಟ ರೂಪದಲ್ಲಿ ಬಂದದ್ದು 2018ರ ಈಚೆಗೆ. ಸಮಸ್ಯೆ ಮಾತ್ರ ಇಲ್ಲಿ ಹಳೆಯದು, ಅದರ ಸ್ವರೂಪವೂ ಬೇರೆ. ಪಶ್ಚಿಮದ ಪುಸ್ತಕಗಳಲ್ಲಿ ರೋಗಿ ಎಂದರೆ ಸಾಮಾನ್ಯವಾಗಿ ಹೊರನಾಡಿನಿಂದ ಬಂದವರು. ಇಲ್ಲಿ ವೈದ್ಯರೂ ರೋಗಿಯೂ ಒಂದೇ ತಾಲ್ಲೂಕಿನವರಾಗಿದ್ದು, ಜಾತಿ, ಓದು, ಹಣ, ಹೆಣ್ಣು-ಗಂಡಿನ ಭೇದಗಳ ದೆಸೆಯಿಂದ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪದೆ ಹೋಗುವುದುಂಟು.

ಬೆಳೆದುಬಂದ ಬಗೆ

ರೋಗಿಯ ಸಂಸ್ಕೃತಿಯನ್ನು ಆರೈಕೆಯ ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ದಾದಿಯರೇ ಮೊದಲಿಗರು. ಅಮೆರಿಕದ ಮ್ಯಾಡೆಲಿನ್ ಲೈನಿಂಜರ್ 1950ರ ದಶಕದಲ್ಲಿ ಮಾನಸಿಕ ತೊಂದರೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಗ, ಬೇರೆ ಬೇರೆ ಮನೆತನಗಳ ಮಕ್ಕಳಿಗೆ ಒಂದೇ ಬಗೆಯ ಉಪಚಾರ ಒಗ್ಗುತ್ತಿಲ್ಲ ಎಂಬುದನ್ನು ಕಂಡುಕೊಂಡರು. ಮುಂದೆ ಮಾನವಶಾಸ್ತ್ರ ಓದಿ, ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿ, ಶುಶ್ರೂಷೆಯಲ್ಲಿ ಇದನ್ನೇ ಒಂದು ಶಾಖೆಯಾಗಿ ಕಟ್ಟಿದರು. 1974ರಲ್ಲಿ ಅದಕ್ಕೊಂದು ಸಂಘವೂ ಆಯಿತು.

ವೈದ್ಯರ ಕಡೆಯಿಂದ ಬಂದ ದೊಡ್ಡ ಹೆಸರು ಹಾರ್ವರ್ಡಿನ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್. ತೈವಾನಿನಲ್ಲಿ ರೋಗಿಗಳನ್ನೂ ನಾಟಿ ವೈದ್ಯರನ್ನೂ ಹತ್ತಿರದಿಂದ ನೋಡಿದ ಅವರು, ದೇಹದಲ್ಲಿ ಕೆಟ್ಟದ್ದು ಒಂದು, ಆ ಕೆಡುಕನ್ನು ಮನುಷ್ಯ ಅನುಭವಿಸಿ ಅರ್ಥ ಮಾಡಿಕೊಳ್ಳುವ ಬಗೆ ಇನ್ನೊಂದು ಎಂದು ಬೇರ್ಪಡಿಸಿದರು. ವೈದ್ಯಕೀಯ ಮೊದಲನೆಯದನ್ನು ಮಾತ್ರ ನೋಡುತ್ತದೆ, ರೋಗಿ ಆಸ್ಪತ್ರೆಗೆ ಬರುವುದು ಎರಡನೆಯದರ ದೆಸೆಯಿಂದ ಎಂಬುದು ಅವರ ಆಕ್ಷೇಪ. 1978ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಲೇಖನದಲ್ಲಿ ಅವರು ವೈದ್ಯರು ಕೇಳಬೇಕಾದ ಕೆಲವು ಸರಳ ಪ್ರಶ್ನೆಗಳನ್ನು ಮುಂದಿಟ್ಟರು: ನಿಮಗೆ ಆಗಿರುವುದಕ್ಕೆ ನೀವು ಏನೆನ್ನುತ್ತೀರಿ? ಯಾಕೆ ಬಂತು ಅನಿಸುತ್ತದೆ? ಈಗಲೇ ಯಾಕೆ ಬಂತು? ಎಷ್ಟು ದಿನ ಇರಬಹುದು? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದು? ಯಾವ ಚಿಕಿತ್ಸೆ ಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ? ಇಂದಿಗೂ ಈ ವಿಷಯದ ಪಾಠಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಪ್ರಶ್ನೆಗಳ ಬಳಿಯೇ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕುಟುಂಬವೈದ್ಯರಾಗಿದ್ದ ಸೆಸಿಲ್ ಹೆಲ್ಮನ್ 1984ರಲ್ಲಿ ಬರೆದ ಪಠ್ಯಪುಸ್ತಕ ಈ ವಿಚಾರಗಳನ್ನು ವೈದ್ಯ ಕಾಲೇಜುಗಳ ಗ್ರಂಥಾಲಯಕ್ಕೆ ಮುಟ್ಟಿಸಿತು.

ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿಸಿದ್ದು ಮಾತ್ರ ಒಬ್ಬ ಪತ್ರಕರ್ತೆಯದು. ಆ್ಯನ್ ಫ್ಯಾಡಿಮನ್ 1997ರಲ್ಲಿ ಬರೆದದ್ದು ಲಿಯಾ ಲೀ ಎಂಬ ಹೆಣ್ಣುಮಗುವಿನ ಕಥೆ. ಲಾವೋಸಿನಿಂದ ನಿರಾಶ್ರಿತರಾಗಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ಗೆ ಬಂದ ಮೊಂಗ್ ಜನಾಂಗದ ದಂಪತಿಗೆ 1982ರಲ್ಲಿ ಹುಟ್ಟಿದ ಮಗುವಿಗೆ ತೀವ್ರವಾದ ಮೂರ್ಛೆರೋಗ. ತಂದೆತಾಯಿಗೆ ಅದು ಆತ್ಮ ದಾರಿತಪ್ಪಿದ್ದರ ಫಲ, ಜೊತೆಗೆ ಒಂದು ಬಗೆಯ ದೈವಕೃಪೆ ಕೂಡ. ಆಸ್ಪತ್ರೆಯಲ್ಲಿ ಅವರ ಭಾಷೆ ಬಲ್ಲವರಿಲ್ಲ. ನಾಲ್ಕೂವರೆ ವರ್ಷ ತುಂಬುವುದರೊಳಗೆ ಮಗುವಿಗೆ 14 ಬಗೆಯ ಔಷಧ ಬರೆಯಲಾಗಿತ್ತು, ಚೀಟಿ 23 ಸಲ ಬದಲಾಗಿತ್ತು. ಇಂಗ್ಲಿಷ್ ಓದಲು ಬಾರದ ತಾಯಿ ಅದನ್ನು ಸರಿಯಾಗಿ ಕೊಡಲಿಲ್ಲ ಎಂದು ಮಗುವನ್ನು ಕೆಲಕಾಲ ಮನೆಯಿಂದ ದೂರಮಾಡಿ ಸಾಕುಮನೆಗೆ ಕಳಿಸಲಾಯಿತು. 1986ರಲ್ಲಿ ಬಂದ ದೊಡ್ಡ ಸೆಳೆತದ ನಂತರ ಮಗುವಿನ ಪ್ರಜ್ಞೆ ಮರಳಲಿಲ್ಲ. ಮನೆಯವರ ಆರೈಕೆಯಲ್ಲೇ ಬದುಕಿದ್ದ ಲಿಯಾ 2012ರಲ್ಲಿ ತೀರಿಕೊಂಡರು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ವೈದ್ಯರೂ ತಂದೆತಾಯಿಯೂ ಮಗುವಿಗಾಗಿ ಕಷ್ಟಪಟ್ಟವರೇ. ಅಮೆರಿಕದ ಅನೇಕ ವೈದ್ಯ ಕಾಲೇಜುಗಳು ಈ ಪುಸ್ತಕವನ್ನು ಹೊಸ ವಿದ್ಯಾರ್ಥಿಗಳ ಕೈಗಿತ್ತದ್ದಕ್ಕೆ ಅದೇ ಕಾರಣ. ಮಾನವಶಾಸ್ತ್ರಜ್ಞೆ ಜಾನೆಲ್ ಟೇಲರ್ 2003ರಲ್ಲಿ ಇದಕ್ಕೆ ತಕರಾರು ತೆಗೆದರು. ಮೊಂಗ್ ಸಂಸ್ಕೃತಿ ಕಲ್ಲಿನಂತೆ ಅಲುಗದ ವಸ್ತು ಎಂಬ ಭಾವನೆ ಓದುಗರಲ್ಲಿ ಬೇರೂರುತ್ತದೆ, ವೈದ್ಯಕೀಯವೂ ತನ್ನದೇ ನಂಬಿಕೆಗಳಿರುವ ಒಂದು ಸಂಸ್ಕೃತಿ ಎಂಬುದು ಮರೆಯಾಗುತ್ತದೆ ಎಂಬುದು ಅವರ ವಾದ. ತಕರಾರಿನಲ್ಲಿ ಹುರುಳಿದೆ.

ಇಷ್ಟರಲ್ಲಿ ಸರ್ಕಾರಿ, ಅರೆಸರ್ಕಾರಿ ನಿಯಮಗಳೂ ಬಂದಿದ್ದವು. ಅಮೆರಿಕದಲ್ಲಿ ವೈದ್ಯ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಮಿತಿ 2000ದಲ್ಲಿ ಇದನ್ನು ಕಡ್ಡಾಯ ಮಾನದಂಡವಾಗಿಸಿತು. 2002ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿ, ವಿಮೆ ಮತ್ತು ಆದಾಯ ಒಂದೇ ಮಟ್ಟದಲ್ಲಿದ್ದಾಗಲೂ ಅಲ್ಪಸಂಖ್ಯಾತ ಜನಾಂಗದವರಿಗೆ ಸಿಗುವ ಚಿಕಿತ್ಸೆ ಕೆಳದರ್ಜೆಯದು ಎಂದು ದಾಖಲಿಸಿತು. ನ್ಯೂಜಿಲೆಂಡ್ 2003ರ ಕಾನೂನಿನಲ್ಲೇ ವೈದ್ಯವೃತ್ತಿಯ ಮಂಡಳಿಗಳು ಸಾಂಸ್ಕೃತಿಕ ಸಾಮರ್ಥ್ಯದ ಮಾನದಂಡ ಹಾಕಬೇಕೆಂದು ವಿಧಿಸಿತು. ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರ ತನ್ನ 24ನೇ ಕರೆಯಲ್ಲಿ, ಎಲ್ಲ ವೈದ್ಯ ಮತ್ತು ಶುಶ್ರೂಷಾ ವಿದ್ಯಾರ್ಥಿಗಳೂ ಮೂಲನಿವಾಸಿಗಳ ಆರೋಗ್ಯದ ಬಗ್ಗೆ ಒಂದು ಕೋರ್ಸ್ ಓದಲೇಬೇಕು, ಅದರಲ್ಲಿ ಅಂತರಸಾಂಸ್ಕೃತಿಕ ತರಬೇತಿ ಇರಬೇಕು ಎಂದಿತು.

ಪಟ್ಟಿ ಕಲಿಸುವ ಅಪಾಯ

ಈ ಶಿಕ್ಷಣದ ದೊಡ್ಡ ಎಡವಟ್ಟು ಅದರ ಹುಟ್ಟಿನಲ್ಲೇ ಇತ್ತು. ಮೊದಲ ಪಠ್ಯಗಳು ಜನಾಂಗಕ್ಕೊಂದು ಪುಟ ಮೀಸಲಿಟ್ಟು, ಇಂಥವರು ಹೀಗೆ ಉಣ್ಣುತ್ತಾರೆ, ಹೀಗೆ ಅಳುತ್ತಾರೆ, ಸಾವನ್ನು ಹೀಗೆ ಕಾಣುತ್ತಾರೆ ಎಂದು ಪಟ್ಟಿ ಮಾಡಿದವು. ಕ್ಯಾಲಿಫೋರ್ನಿಯಾದ ಮೆಲನಿ ಟೆರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ 1998ರ ತಮ್ಮ ಲೇಖನದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ಗಂಟೆ ಕಳೆದ ಲ್ಯಾಟಿನ್ ಮೂಲದ ಹೆಂಗಸೊಬ್ಬರು ನರಳುತ್ತಿದ್ದಾರೆ. ಅದೇ ಮೂಲದ ವೈದ್ಯರೊಬ್ಬರು, ಇವರಿಗೆ ನೋವು ಬಹಳವಿದ್ದಂತಿದೆ ಎನ್ನುತ್ತಾರೆ. ಪಕ್ಕದಲ್ಲಿದ್ದ ಆಫ್ರಿಕನ್-ಅಮೆರಿಕನ್ ದಾದಿ ಅದನ್ನು ತಳ್ಳಿಹಾಕುತ್ತಾರೆ: ಈ ಜನ ನೋವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಾರೆ ಎಂದು ತಾನು ಸಂಸ್ಕೃತಿಯ ಕೋರ್ಸಿನಲ್ಲೇ ಕಲಿತಿದ್ದೇನೆ ಎಂದು. ಕಲಿಕೆ ಕಿವಿ ತೆರೆಸುವ ಬದಲು ಮುಚ್ಚಿಸಿತ್ತು. ಇನ್ನೊಬ್ಬರ ಸಂಸ್ಕೃತಿಯನ್ನು ಕರಗತ ಮಾಡಿಕೊಂಡೆ ಎಂಬ ಸಾಮರ್ಥ್ಯದ ಭಾವನೆಗಿಂತ, ನನಗೆ ಗೊತ್ತಿಲ್ಲ, ಕೇಳಿ ತಿಳಿಯಬೇಕು ಎಂಬ ವಿನಯ ಮೇಲು ಎಂದು ಈ ಇಬ್ಬರು ವಾದಿಸಿದರು.

ಕ್ಲೈನ್‌ಮನ್ ಅವರೂ ಪೀಟರ್ ಬೆನ್ಸನ್ ಅವರೂ 2006ರಲ್ಲಿ ಕೊಟ್ಟ ಉದಾಹರಣೆ ಇನ್ನೂ ಮಾರ್ಮಿಕ. ಎಚ್‌ಐವಿ ಇರುವ ನಾಲ್ಕು ವರ್ಷದ ಮಗನನ್ನು ಮೆಕ್ಸಿಕನ್ ತಂದೆ ಸರಿಯಾಗಿ ಆಸ್ಪತ್ರೆಗೆ ಕರೆತರುತ್ತಿರಲಿಲ್ಲ. ಇದು ಅವರ ಸಂಸ್ಕೃತಿಯ ಪ್ರಶ್ನೆ ಇರಬೇಕು ಎಂದುಕೊಂಡ ವೈದ್ಯರು ಮಾನವಶಾಸ್ತ್ರಜ್ಞರನ್ನು ಕರೆಸಿದರು. ವಿಚಾರಿಸಿದರೆ ತಂದೆಗೆ ರೋಗದ ಬಗ್ಗೆಯೂ ಚಿಕಿತ್ಸೆಯ ಬಗ್ಗೆಯೂ ಚೆನ್ನಾಗಿಯೇ ಗೊತ್ತಿತ್ತು. ಅವರು ಕಡಿಮೆ ಸಂಬಳದ ಬಸ್ ಚಾಲಕ, ಪಾಳಿ ಹೆಚ್ಚಾಗಿ ತಡರಾತ್ರಿಯದು, ಮಗುವನ್ನು ಕರೆದುಕೊಂಡು ಬರಲು ಹೊತ್ತೇ ಇರಲಿಲ್ಲ. ಬಡತನವನ್ನು ಸಂಸ್ಕೃತಿ ಎಂದು ಓದಿಕೊಳ್ಳುವ ಈ ತಪ್ಪು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಕೂಲಿ ತಪ್ಪುತ್ತದೆಂದು ಮಾತ್ರೆಯ ಎರಡನೇ ಕಂತಿಗೆ ಬಾರದವರು ಕೇಸ್ ಶೀಟಿನಲ್ಲಿ ಮೂಢನಂಬಿಕೆಯವರಾಗುತ್ತಾರೆ. 2014ರಲ್ಲಿ ಜೊನಾಥನ್ ಮೆಟ್ಜಲ್ ಮತ್ತು ಹೆಲೆನಾ ಹ್ಯಾನ್ಸನ್, ವಿದ್ಯಾರ್ಥಿ ಸಂಸ್ಕೃತಿಯ ಜೊತೆಗೆ ಸಮಾಜದ ರಚನೆಯನ್ನೂ, ಎಂದರೆ ಮನೆ, ಕೂಲಿ, ಕಾನೂನು, ಸಾರಿಗೆಗಳನ್ನೂ, ರೋಗಕಾರಣವಾಗಿ ಓದಬೇಕು ಎಂದದ್ದು ಇದೇ ಅರ್ಥದಲ್ಲಿ.

ಎಲ್ಲಕ್ಕಿಂತ ಖಡಕ್ಕಾದ ಮಾತು ನ್ಯೂಜಿಲೆಂಡಿನಿಂದ ಬಂತು. ಮಾವೊರಿ ದಾದಿ ಇರಿಹಪೆಟಿ ರಾಮ್‌ಸ್ಡೆನ್ ಪ್ರತಿಪಾದಿಸಿದ ಸಾಂಸ್ಕೃತಿಕ ಸುರಕ್ಷತೆಯ ತತ್ವದ ಪ್ರಕಾರ ಆರೈಕೆ ಸರಿಯಾಗಿತ್ತೇ ಎಂಬ ತೀರ್ಪು ಕೊಡುವವರು ಆರೈಕೆ ಪಡೆದವರೇ ಹೊರತು ಕೊಟ್ಟವರಲ್ಲ. ವಿದ್ಯಾರ್ಥಿ ಅಧ್ಯಯನ ಮಾಡಬೇಕಾದದ್ದು ಮಾವೊರಿಗಳ ಕುಣಿತ, ಆಚಾರಗಳನ್ನಲ್ಲ, ವಸಾಹತಿನ ಇತಿಹಾಸವನ್ನು ಮತ್ತು ತನ್ನ ಕೈಯಲ್ಲಿರುವ ಅಧಿಕಾರವನ್ನು. ಅಲ್ಲಿನ ಶುಶ್ರೂಷಾ ಮಂಡಳಿ 1992ರಲ್ಲಿ ಇದನ್ನು ಪಠ್ಯಕ್ಕೆ ಸೇರಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಬೇರೆ ದೇಶಗಳು ಈ ಕಲ್ಪನೆಯನ್ನು ಎತ್ತಿಕೊಳ್ಳುವಾಗ ಅದರ ಮೊನೆಯನ್ನು ಮೊಂಡಾಗಿಸಿದವು ಎಂದೇ ಹೇಳಬೇಕು.

ವೈದ್ಯರ ತಲೆಯಲ್ಲಿರುವ ತಪ್ಪು ನಂಬಿಕೆಗಳೂ ಪಾಠದ ವಸ್ತುವೇ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು, ಕರಿಯರ ಚರ್ಮ ದಪ್ಪ ಎಂಬಂಥ ಆಧಾರವಿಲ್ಲದ ಹೇಳಿಕೆಗಳಲ್ಲಿ ಒಂದನ್ನಾದರೂ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಪ್ಪುತ್ತಾರೆಂದು ತೋರಿಸಿತು. ಮೂತ್ರಪಿಂಡದ ಕಾರ್ಯವನ್ನು ಲೆಕ್ಕಹಾಕುವ ಸೂತ್ರದಲ್ಲಿ ಜನಾಂಗಕ್ಕಾಗಿ ಇಟ್ಟಿದ್ದ ಗುಣಕವನ್ನು ಅಮೆರಿಕ ಕೈಬಿಟ್ಟದ್ದು 2021ರಲ್ಲಿ.

ಕಲಿಸುವ ವಿಧಾನ

ಉಪನ್ಯಾಸದಿಂದ ಈ ವಿಷಯ ಬರುವುದಿಲ್ಲ. ನಟನೆಯ ರೋಗಿಗಳನ್ನು ಬಳಸುವುದು ಈಗ ರೂಢಿ. ತರಬೇತಾದ ವ್ಯಕ್ತಿಯೊಬ್ಬರು ಗೊತ್ತಾದ ಕಥೆಯ ರೋಗಿಯಾಗಿ ಕೂರುತ್ತಾರೆ, ವಿದ್ಯಾರ್ಥಿ ಮಾತಾಡಿಸುತ್ತಾನೆ ಅಥವಾ ಮಾತಾಡಿಸುತ್ತಾಳೆ, ಕೊನೆಗೆ ಆ 'ರೋಗಿ'ಯೇ ತನಗೆ ಹೇಗನಿಸಿತು ಎಂದು ಹೇಳುತ್ತಾರೆ. 1960ರ ದಶಕದಲ್ಲಿ ಹೊವಾರ್ಡ್ ಬ್ಯಾರೋಸ್ ಆರಂಭಿಸಿದ ಈ ವಿಧಾನಕ್ಕೆ, ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ, ಕ್ಲಿನಿಕಲ್ ಕೌಶಲವನ್ನು ಅಳೆಯುವ ಆಸ್ಕಿ ಪರೀಕ್ಷೆ ಜೊತೆಯಾಯಿತು. ಬರ್ಲಿನ್ ಮತ್ತು ಫೌಕ್ಸ್ 1983ರಲ್ಲಿ ಹೇಳಿದ ಐದು ಹೆಜ್ಜೆಗಳನ್ನು ಬಹಳ ಕಡೆ ಕಲಿಸುತ್ತಾರೆ: ರೋಗಿಯ ಮಾತು ಕೇಳು, ನಿನ್ನ ತಿಳಿವಳಿಕೆಯನ್ನು ಹೇಳು, ಎರಡರ ನಡುವಿನ ಅಂತರವನ್ನು ಬಾಯಿಬಿಟ್ಟು ಒಪ್ಪಿಕೋ, ಸಲಹೆ ಕೊಡು, ಇಬ್ಬರಿಗೂ ಒಪ್ಪುವ ದಾರಿಗೆ ಬಾ. ಮನೋವೈದ್ಯಕೀಯದಲ್ಲಿ, ಅಮೆರಿಕದ ರೋಗವರ್ಗೀಕರಣದ ಐದನೆಯ ಆವೃತ್ತಿ (2013) 16 ಪ್ರಶ್ನೆಗಳ ಸಿದ್ಧ ಸಂದರ್ಶನವನ್ನೇ ಕೊಟ್ಟಿದೆ.

ರಂಗಭೂಮಿಯ ದಾರಿಯೂ ಇದೆ. ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ 2009ರಲ್ಲಿ ಹುಟ್ಟಿದ ವೈದ್ಯಕೀಯ ಮಾನವಿಕಗಳ ಬಳಗ, ಬ್ರೆಜಿಲ್ಲಿನ ಅಗಸ್ಟೊ ಬೋಲ್ ಅವರ ಶೋಷಿತರ ರಂಗಭೂಮಿಯನ್ನು ವಿದ್ಯಾರ್ಥಿಗಳ ನಡುವೆ ಪ್ರಯೋಗಿಸಿತು. ಹೊರರೋಗಿ ವಿಭಾಗದ ಒಂದು ದೃಶ್ಯವನ್ನು ಆಡಿ ತೋರಿಸುತ್ತಾರೆ. ಅನ್ಯಾಯ ಕಂಡಲ್ಲಿ ಪ್ರೇಕ್ಷಕ ವಿದ್ಯಾರ್ಥಿ ನಿಲ್ಲಿಸಿ ಎಂದು ಎದ್ದುಬಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ಥರ ಆಡಬೇಕು. ಎಂಟುನೂರು ರೋಗಿಗಳ ಸಾಲಿರುವ ಒಪಿಡಿಯಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ಹಿರಿಯ ವೈದ್ಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ರೋಗಿಗೆ ಕೂರಲು ಸ್ಟೂಲು ತೋರಿಸುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ತರಗತಿಯಲ್ಲಿ ಕಲಿಸಿದ್ದನ್ನು ವಾರ್ಡು ಅಳಿಸಿಹಾಕುತ್ತದೆ. ಫ್ರೆಡರಿಕ್ ಹಾಫರ್ಟಿ 1990ರ ದಶಕದಲ್ಲಿ ಗುಪ್ತ ಪಠ್ಯಕ್ರಮ ಎಂದು ಹೆಸರಿಸಿದ್ದು ಇದನ್ನೇ: ವಿದ್ಯಾರ್ಥಿ ಹಿರಿಯರನ್ನು ನೋಡಿ ಹೇಳದೆಯೇ ಕಲಿಯುವ ಪಾಠ. ಪ್ರಾಧ್ಯಾಪಕರು ಹಾಸಿಗೆ ಸಂಖ್ಯೆಯಿಂದ ರೋಗಿಯನ್ನು ಕರೆದರೆ, ಇಸ್ತ್ರಿ ಬಟ್ಟೆಯವರಿಗೆ ನೀವು, ಮಾಸಿದ ಸೀರೆಯ ಅಜ್ಜಿಗೆ ನೀನು ಎಂದರೆ, ಮೂರು ತಿಂಗಳ ಪಾಳಿ ಮುಗಿಯುವಷ್ಟರಲ್ಲಿ ವಿದ್ಯಾರ್ಥಿಯೂ ಹಾಗೇ ಮಾತಾಡುತ್ತಾನೆ. ಏಕವಚನ ಬಹುವಚನಗಳ ಈ ಲೆಕ್ಕ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ, ಕನ್ನಡದ ಆಸ್ಪತ್ರೆಯಲ್ಲಿ ಮರ್ಯಾದೆಯ ಮೊದಲ ಅಳತೆಯೇ ಅದು.

ಭಾಷೆ ಮತ್ತು ದುಭಾಷಿ

ಅಂತರಸಾಂಸ್ಕೃತಿಕ ಕೌಶಲದ ಚರ್ಚೆಗಳೆಲ್ಲ ಸೂಕ್ಷ್ಮಗಳಿಗೆ ಹಾರುತ್ತವೆ. ಆದರೆ ಆರೈಕೆ ಕೆಡುವುದು ಬಹಳ ಸಲ ಮಾತೇ ತಿಳಿಯದೆ. ಗ್ಲೆನ್ ಫ್ಲೋರಿಸ್ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಮಕ್ಕಳ ಚಿಕಿತ್ಸಾಲಯದಲ್ಲಿ ಸ್ಪ್ಯಾನಿಷ್ ದುಭಾಷಿಗಳಿದ್ದ 13 ಭೇಟಿಗಳನ್ನು ಧ್ವನಿಮುದ್ರಿಸಿ ಲೆಕ್ಕಹಾಕಿದಾಗ ಒಟ್ಟು 396 ತಪ್ಪುಗಳು ಸಿಕ್ಕವು, ಭೇಟಿಗೆ ಸರಾಸರಿ 31. ಅವುಗಳಲ್ಲಿ 63 ಶೇಕಡ ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಲ್ಲಂಥವು. ತರಬೇತಿಯಿಲ್ಲದೆ ದುಭಾಷಿಯಾಗಿ ನಿಂತವರ ತಪ್ಪುಗಳು ಆಸ್ಪತ್ರೆಯ ದುಭಾಷಿಗಳ ತಪ್ಪುಗಳಿಗಿಂತ ಹೆಚ್ಚು ಅಪಾಯಕಾರಿಯಾಗಿದ್ದವು. 2016ರ ಅಮೆರಿಕದ ನಿಯಮ ಮಕ್ಕಳನ್ನು ದುಭಾಷಿಯಾಗಿ ಬಳಸುವುದನ್ನು ತುರ್ತುಸ್ಥಿತಿಯ ಹೊರತು ನಿಷೇಧಿಸಿತು. ಭಾರತದಲ್ಲಿ ಆಸ್ಪತ್ರೆಯ ದುಭಾಷಿ ಎಂಬ ಹುದ್ದೆ ಹುಡುಕಿದರೂ ಸಿಗುವುದು ಕಷ್ಟ. ಗಂಡ ಹೆಂಡತಿಯ ಪರವಾಗಿ, ಸೊಸೆ ಅತ್ತೆಯ ಪರವಾಗಿ, ಆಯಾ ಎಲ್ಲರ ಪರವಾಗಿ ಮಾತಾಡುತ್ತಾರೆ. ಗಂಡ ಎದುರಿಗಿದ್ದಾಗ ಬಿಳಿ ಸೆರಗಿನ ವಿಷಯವನ್ನೋ ಮನೆಯಲ್ಲಿ ತಿಂದ ಹೊಡೆತವನ್ನೋ ಹೆಂಗಸು ಹೇಳುವುದೆಂತು?

ಕರ್ನಾಟಕದಲ್ಲಿ ಈ ತೊಡಕಿಗೆ ಎರಡು ಮುಖ. ಸರ್ಕಾರಿ ಕಾಲೇಜುಗಳ 15 ಶೇಕಡ ಎಂಬಿಬಿಎಸ್ ಸೀಟುಗಳು ಅಖಿಲ ಭಾರತ ಕೋಟಾದವು. ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳಲ್ಲಿ ಹೊರರಾಜ್ಯದವರು ಇನ್ನೂ ಹೆಚ್ಚು. ಹೀಗಾಗಿ ಕನ್ನಡ ಬಾರದ ವಿದ್ಯಾರ್ಥಿ ಕನ್ನಡ ಮಾತ್ರ ಬಲ್ಲ ರೋಗಿಯ ಮುಂದೆ ನಿಲ್ಲುತ್ತಾನೆ. ಇದು ಎಲ್ಲರ ಕಣ್ಣಿಗೂ ಬೀಳುವ ಮುಖ. ಕನ್ನಡ ಬಂದರೆ ಸಾಕು ಎಂದುಕೊಳ್ಳುವುದು ಇನ್ನೊಂದು ಮುಖ. ಮಂಗಳೂರಿನ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕಲಬುರಗಿಯಲ್ಲಿ ದಖನಿ ಉರ್ದು, ತಾಂಡಾದ ಲಂಬಾಣಿ, ಕೋಲಾರದಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ. ಮೈಸೂರಿನ ಹುಡುಗಿಗೆ ರಾಯಚೂರಿನ ಅಜ್ಜನ ಕನ್ನಡವೇ ಅರ್ಧ ತಿಳಿಯದು.

ಭಾರತ ಮತ್ತು ಕರ್ನಾಟಕ

ಈ ವಿಷಯದ ಒಂದು ದೊಡ್ಡ ಕೆಲಸ ಕರಾವಳಿಯಲ್ಲಿ ನಡೆದದ್ದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್, ಇಂದು ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಜನ ಡಾಕ್ಟರನ್ನೂ ನಾಟಿ ವೈದ್ಯರನ್ನೂ ಮಂತ್ರವಾದಿಯನ್ನೂ ಪಾತ್ರಿಯನ್ನೂ ಒಟ್ಟೊಟ್ಟಿಗೇ ಕಾಣುತ್ತಾರೆ, ಇವರಿಗದು ವಿರೋಧಾಭಾಸವಲ್ಲ ಎಂಬುದು ಅಲ್ಲಿ ಕಂಡುಬಂದ ಸಂಗತಿ. ವಿದ್ಯಾರ್ಥಿಗೆ ಇದರ ಪಾಠ ಸರಳ: ಬೇರೆ ಎಲ್ಲಿ ತೋರಿಸಿದಿರಿ ಎಂದು ಗದರದೆ ಕೇಳಬೇಕು. ಗದರಿದರೆ ಕಾಮಾಲೆಗೆ ಕುಡಿದ ಸೊಪ್ಪಿನ ರಸವೂ, ಮುರಿದ ಕೈಗೆ ಹಾಕಿಸಿದ ನಾಟಿ ಕಟ್ಟೂ ಚರಿತ್ರೆಯಿಂದ ಮರೆಯಾಗುತ್ತವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಒಗಟನ್ನು ಬಿಡಿಸಿತು. ಖಿನ್ನತೆಯ ರೋಗಿಗಳು ಮನಸ್ಸಿನ ಮಾತು ಬಿಟ್ಟು ಮೈಕೈ ನೋವು, ಸುಸ್ತು, ಎದೆಬಡಿತ ಎಂದೇ ಯಾಕೆ ಹೇಳುತ್ತಾರೆ? ಮೈನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿಕೊಂಡರೆ ನಾಚಿಕೆಯಿಲ್ಲ. ಮನಸ್ಸು ಕೆಟ್ಟಿದೆ ಎಂದರೆ ಮದುವೆ ಮಾತುಕತೆಗೂ ಮನೆತನದ ಹೆಸರಿಗೂ ಕುತ್ತು. ರೋಗಿ ತನ್ನ ಮನಸ್ಸನ್ನು ಅರಿಯದ ಮುಗ್ಧನಲ್ಲ, ಲೆಕ್ಕಹಾಕಿಯೇ ಮಾತಾಡುವ ಮನುಷ್ಯ. ಸುಸ್ತು ಎಂದವರಿಗೆ ವಿಟಮಿನ್ ಬರೆದು ಕಳಿಸುವ ಮುನ್ನ ನಿದ್ದೆ ಹೇಗಿದೆ, ಮನೆಯಲ್ಲಿ ಹೇಗಿದೆ ಎಂದು ಕೇಳುವುದನ್ನು ಕಲಿಸಬೇಕಾದದ್ದು ಇದಕ್ಕೇ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಇದ್ದು ಕಲಿತ ವೈದ್ಯಕೀಯದ ಉದಾಹರಣೆ. ಕುಕ್ಕರಗಾಲಲ್ಲಿ ಕೂತು ಹೆರುವ ಸೋಲಿಗ ಹೆಂಗಸರ ರೂಢಿಯನ್ನು ತಿದ್ದಬೇಕಾದ ತಪ್ಪೆಂದು ಕಾಣದೆ ಅದರ ಒಳಿತನ್ನು ಗುರುತಿಸಿದ್ದು ಅಲ್ಲಿನ ವಿಶೇಷ. ಕುಡಗೋಲು ಕಣದ ರಕ್ತಹೀನತೆಯಂಥ ರೋಗ ಈ ಜನರಲ್ಲಿ ಇದೆ ಎಂಬುದೂ ಅವರ ನಡುವೆ ಇದ್ದು ಹುಡುಕಿದವರಿಗೆ ಸಿಕ್ಕಿದ್ದು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಪಠ್ಯಕ್ರಮದ ಮಟ್ಟಿಗೆ ಹೇಳುವುದಾದರೆ, ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಮನೋಭಾವ, ನೀತಿ ಮತ್ತು ಸಂವಹನದ 27 ಘಟಕಗಳ ಪಠ್ಯವನ್ನು ಹೊರಡಿಸಿತು. ಕಾಲೇಜುಗಳಲ್ಲಿ ಅದನ್ನು ಏಟ್‌ಕಾಮ್ ಎನ್ನುತ್ತಾರೆ. 2019ರಿಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಜಾರಿಗೆ ಬಂದಾಗ ಆರಂಭದಲ್ಲಿ ಒಂದು ತಿಂಗಳ ಬುನಾದಿ ಕೋರ್ಸು ಸೇರಿತು. ಅದರಲ್ಲಿ ಸ್ಥಳೀಯ ಭಾಷೆ, ಇಂಗ್ಲಿಷ್ ಮತ್ತು ಕಂಪ್ಯೂಟರ್‌ಗೆ ಕೂಡಿ ಆಗ 40 ಗಂಟೆ ಇತ್ತು. 2020ರಲ್ಲಿ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಮೇಲೆ, ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಭೇಟಿ ಮಾಡುವ ಕಾರ್ಯಕ್ರಮವೂ ಸೇರಿತು. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ. ಬಸ್ಸಿನಲ್ಲಿ ಹೋಗಿ ಫಾರಂ ತುಂಬಿ ಫೋಟೊ ತೆಗೆಸಿಕೊಂಡು ಬರುವ ಪ್ರವಾಸವಾಗುವುದೋ, ನಿಜವಾದ ಪರಿಚಯವಾಗುವುದೋ ಎಂಬುದು ಸಮುದಾಯ ವೈದ್ಯಕೀಯ ವಿಭಾಗದ ಶ್ರದ್ಧೆಯ ಮೇಲೆ ನಿಂತಿದೆ. ಬೆಂಗಳೂರಿನ ಸೇಂಟ್ ಜಾನ್ಸ್ (ಸ್ಥಾಪನೆ 1963), ವೆಲ್ಲೂರಿನ ಸಿಎಂಸಿಯಂಥ ಕಾಲೇಜುಗಳು ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಉಳಿಸಿ ಕಲಿಸುವ ಪದ್ಧತಿಯನ್ನು ಆಯೋಗದ ನಿಯಮಕ್ಕೆ ಮೊದಲೇ ಇಟ್ಟುಕೊಂಡಿದ್ದವು.

ವಾರ್ಡಿನಲ್ಲಿ ಎದುರಾಗುವ ಸಂದರ್ಭಗಳು ಬಹಳ ಸಣ್ಣವು. ಶಸ್ತ್ರಚಿಕಿತ್ಸೆಗೆ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಸಬೇಕು. ಲಿಂಗಾಯತ ರೋಗಿಯ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯಲ್ಲಿರುವುದು ಇಷ್ಟಲಿಂಗ. ಅದನ್ನು ಬಿಚ್ಚಿ ಟ್ರೇಗೆ ಹಾಕುವ ಬದಲು, ಹಿಂದಿನ ಸಂಜೆಯೇ ಹೇಳಿ ಅವರ ಕೈಯಿಂದಲೇ ಮನೆಯವರಿಗೆ ಕೊಡಿಸಬಹುದು. ತಾಳಿ, ಕಾಲುಂಗುರದ ವಿಷಯವೂ ಹೀಗೆಯೇ. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರಿಗೆ 'ರಾತ್ರಿ ಊಟದ ನಂತರ' ಎಂದು ಮಾತ್ರೆ ಬರೆದರೆ ಅದು ಖಾಲಿ ಹೊಟ್ಟೆಗೆ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. 13 ದೇಶಗಳ ಎಪಿಡಿಯಾರ್ ಅಧ್ಯಯನದಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಮುಸ್ಲಿಮರಲ್ಲಿ ಸುಮಾರು 79 ಶೇಕಡ ಮಂದಿ ರಂಜಾನಿನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಉಪವಾಸ ಬೇಡ ಎಂದಷ್ಟೇ ಹೇಳಿ ಕಳಿಸುವ ವೈದ್ಯರ ಮಾತು ಎಷ್ಟು ನಡೆಯುತ್ತದೆ ಎಂಬುದಕ್ಕೆ ಈ ಅಂಕಿಯೇ ಉತ್ತರ. ಉಪವಾಸದ ತಿಂಗಳಿಗೆ ಮುನ್ನವೇ ಔಷಧದ ಹೊತ್ತು, ಪ್ರಮಾಣ ಬದಲಿಸಿಕೊಡುವುದು ಈಗ ಅಂಗೀಕೃತ ಕ್ರಮ.

ಇವುಗಳಿಗಿಂತ ಕಠಿಣವಾದದ್ದು ಕೆಟ್ಟ ಸುದ್ದಿಯ ಪ್ರಸಂಗ. ಕ್ಯಾನ್ಸರ್ ಎಂದು ಗೊತ್ತಾದೊಡನೆ ಮಗ ಬಾಗಿಲ ಹೊರಗೆ ಬಂದು, "ಸಾರ್, ಅಪ್ಪಂಗೆ ಮಾತ್ರ ಹೇಳ್ಬೇಡಿ" ಎನ್ನುತ್ತಾನೆ. ಇಂಗ್ಲಿಷ್ ಪಠ್ಯದ ನೀತಿಯಲ್ಲಿ ತಿಳಿಯುವ ಹಕ್ಕು ರೋಗಿಯದು. ನಮ್ಮ ಮನೆಗಳಲ್ಲಿ ನಿರ್ಧಾರ ಮನೆಯದು. ಎರಡನ್ನೂ ಎಳೆದಾಡದೆ ದಾರಿ ಹುಡುಕಬಹುದು. ಪರೀಕ್ಷೆಗೆ ಕಳಿಸುವ ಮುನ್ನವೇ ರೋಗಿಯನ್ನು ಕೇಳಿಟ್ಟುಕೊಳ್ಳಬೇಕು: ವರದಿ ಬಂದಮೇಲೆ ನಿಮಗೆ ಎಷ್ಟು ಹೇಳಲಿ, ಯಾರ ಮುಂದೆ ಹೇಳಲಿ? ಎಲ್ಲ ಮಗನಿಗೇ ಹೇಳಿ ಎಂದು ಅಪ್ಪನೇ ಹೇಳಿದರೆ ಅದೂ ಅವರ ಹಕ್ಕಿನ ಚಲಾವಣೆಯೇ. ಕೇಳದೆ ಮುಚ್ಚಿಡುವುದು ಸಂಸ್ಕೃತಿಗೆ ತೋರಿದ ಗೌರವವಲ್ಲ, ವೈದ್ಯರ ಪಾಲಿನ ಸುಲಭದ ದಾರಿ.

ಗೌರವಿಸುವುದೆಂದರೆ ಎಲ್ಲವನ್ನೂ ಒಪ್ಪುವುದಲ್ಲ. ಸಮುದಾಯ ವೈದ್ಯಕೀಯದಲ್ಲಿ ರೂಢಿಗಳನ್ನು ಒಳ್ಳೆಯವು, ನಿರುಪದ್ರವಿಗಳು, ಕೆಡುಕಿನವು ಎಂದು ವಿಂಗಡಿಸಿ ಕಲಿಸುತ್ತಾರೆ. ಬಾಣಂತಿಗೆ ತವರಿನ ವಿಶ್ರಾಂತಿ ಒಳ್ಳೆಯದು. ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನಿಂದ ಯಾರಿಗೂ ತೊಂದರೆಯಿಲ್ಲ. ಗಿಣ್ಣುಹಾಲು ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು, ಕೂಸಿನ ಹೊಟ್ಟೆಗೆ ಬರೆ ಹಾಕುವುದು ನಿಲ್ಲಲೇಬೇಕಾದವು. ನಿಲ್ಲಿಸುವ ದಾರಿ ಬೈಗುಳದ್ದಲ್ಲ. ಮನೆಯಲ್ಲಿ ಮಾತು ನಡೆಯುವ ಅಜ್ಜಿಯನ್ನು ಕರೆದು ಕೂರಿಸಿ ಮಾತಾಡುವುದು. ಇದರಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗೆ ಆಶಾ ಕಾರ್ಯಕರ್ತೆ ಗುರುವಾಗಬಲ್ಲರು. ದೇವಸ್ಥಾನಗಳ ವಿಷಯದಲ್ಲೂ ಇದೇ ಎರಡು ಅಲುಗಿನ ಮಾತು. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದಿದ್ದ 31 ಮಾನಸಿಕ ರೋಗಿಗಳ ಲಕ್ಷಣಗಳು ಸುಮಾರು 20 ಶೇಕಡ ತಗ್ಗಿದವೆಂದು ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಅದರ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯ ದರ್ಗಾ ಆಸುಪಾಸಿನ ಆಶ್ರಯಮನೆಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತಿದ್ದರು.

ಜಾತಿಯ ಮಾತನ್ನು ಭಾರತದ ಪಠ್ಯ ಇನ್ನೂ ಗಟ್ಟಿಯಾಗಿ ಆಡಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಭೇದಭಾವ ಆಗುತ್ತಿದೆ ಎಂದು ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲಿನಲ್ಲಿ ಸಹಪಾಠಿಯೊಡನೆ ಸಮನಾಗಿ ಕೂರದವರು ವಾರ್ಡಿನಲ್ಲಿ ರೋಗಿಯೊಡನೆ ಹೇಗೆ ಕೂತಾರು ಎಂಬ ಪ್ರಶ್ನೆಗೆ ಏಟ್‌ಕಾಮ್‌ನಲ್ಲಿ ಉತ್ತರವಿಲ್ಲ. ಲೈಂಗಿಕ ಅಲ್ಪಸಂಖ್ಯಾತರ ವಿಷಯದಲ್ಲಿ ಮದ್ರಾಸ್ ಹೈಕೋರ್ಟಿನ 2021ರ ನಿರ್ದೇಶನಗಳ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಪುಸ್ತಕಗಳನ್ನು ತಿದ್ದುವಂತೆ ಸೂಚಿಸಿತ್ತು. 2024ರ ಹೊಸ ಮಾರ್ಗಸೂಚಿಯಲ್ಲಿ ಹಳೆಯ ಅವಮಾನಕರ ಪದಗಳು ಮತ್ತೆ ತಲೆಹಾಕಿ, ಟೀಕೆ ಬಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹೊರದೇಶದ ಕನ್ನಡಿಗ ವೈದ್ಯರಿಗೆ ಇದೇ ಪಾಠ ತಿರುಗಿ ಬರುತ್ತದೆ. ಅಮೆರಿಕದಲ್ಲಿ ತರಬೇತಿ ಬಯಸಿದ ಕರ್ನಾಟಕದ ಪದವೀಧರರು 2004ರಿಂದ 2020ರವರೆಗೆ ಸ್ಟೆಪ್ 2 ಸಿಎಸ್ ಎಂಬ ಪರೀಕ್ಷೆಗೆ ವೀಸಾ ಮಾಡಿಸಿಕೊಂಡು ಅಲ್ಲಿನ ಐದು ನಗರಗಳಲ್ಲಿ ಒಂದಕ್ಕೆ ಹಾರಬೇಕಿತ್ತು. ನಟನೆಯ ರೋಗಿಯ ಎದುರು ಬಾಗಿಲು ತಟ್ಟಿ ಒಳಬರುವುದು, ಹೆಸರು ಹೇಳಿಕೊಳ್ಳುವುದು, ಪರೀಕ್ಷಿಸುವ ಮುನ್ನ ಅನುಮತಿ ಕೇಳುವುದು ಅಲ್ಲಿ ಅಂಕ ತರುವ ಸಂಗತಿಗಳು. ಕೊರೊನಾ ಕಾಲದಲ್ಲಿ ನಿಂತ ಆ ಪರೀಕ್ಷೆಯನ್ನು 2021ರಲ್ಲಿ ಪೂರ್ತಿ ಕೈಬಿಡಲಾಯಿತು.

ಫಲಿತಾಂಶ

ಇಷ್ಟೆಲ್ಲ ತರಬೇತಿಯಿಂದ ರೋಗಿಗೆ ಏನು ಸಿಕ್ಕಿತು ಎಂಬುದಕ್ಕೆ ಪುರಾವೆ ತೆಳು. ಮೇರಿ ಕ್ಯಾಥರಿನ್ ಬೀಚ್ ಮತ್ತು ಸಂಗಡಿಗರು 2005ರಲ್ಲಿ 34 ಅಧ್ಯಯನಗಳನ್ನು ಒರೆಗೆ ಹಚ್ಚಿದಾಗ, ಕಲಿತವರ ತಿಳಿವಳಿಕೆ, ಮನೋಭಾವ, ಕೌಶಲಗಳು ಸುಧಾರಿಸುವುದು ಸ್ಪಷ್ಟವಾಗಿತ್ತು. ರೋಗಿಯ ಆರೋಗ್ಯ ಸುಧಾರಿಸಿದ್ದಕ್ಕೆ ಆಧಾರ ಸಿಗಲಿಲ್ಲ. 2014ರ ಕಾಕ್ರೇನ್ ವಿಮರ್ಶೆಗೆ ಯೋಗ್ಯವಾದ ಪ್ರಯೋಗಗಳು ಸಿಕ್ಕಿದ್ದೇ ಐದು. ಅರ್ಧ ದಿನದ ಕಾರ್ಯಾಗಾರ ಮಾಡಿ, ಮುಗಿದೊಡನೆ ಪ್ರಶ್ನಾವಳಿ ತುಂಬಿಸಿ ಅಳೆದರೆ ಇದಕ್ಕಿಂತ ಹೆಚ್ಚು ಸಿಗುವುದೂ ಇಲ್ಲ.

ಕರ್ನಾಟಕದ ಕಾಲೇಜುಗಳಲ್ಲಿ ಈಗಿರುವ ದೋಷ ವೇಳಾಪಟ್ಟಿಯದು. ಭಾಷೆಯ ತರಗತಿ ಮೊದಲ ವರ್ಷದ ಆರಂಭದಲ್ಲೇ ಮುಗಿದುಹೋಗುತ್ತದೆ, ವಾರ್ಡಿನ ನಿಯತ ಪಾಳಿ ಶುರುವಾಗುವುದು ಎರಡನೆಯ ಹಂತದಲ್ಲಿ. ಕಲಿತ ನಾಲ್ಕು ವಾಕ್ಯ ಅಷ್ಟರಲ್ಲಿ ಮರೆತಿರುತ್ತದೆ. ಕನ್ನಡದ ಪಾಠವನ್ನು ವಾರ್ಡಿನ ಪಾಳಿಗೆ ಜೋಡಿಸಿ, ಅಂತಿಮ ಕ್ಲಿನಿಕಲ್ ಪರೀಕ್ಷೆಯಲ್ಲಿ ರೋಗಿಯ ಭಾಷೆಯಲ್ಲೇ ನಡೆಸಿದ ಒಂದು ಸಂದರ್ಶನಕ್ಕೆ ಅಂಕ ಇಡಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಪರೀಕ್ಷಾ ನಿಯಮದಲ್ಲಿ ಒಂದು ತಿದ್ದುಪಡಿ ಸಾಕು.